ಅಮೂಲ್ಯ ರೆಡ್ಡಿ: ಸೌದೆ, ಒಲೆ ಮತ್ತು ವಿದ್ಯುತ್ ನೀತಿ

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿತು. ಸುಮಾರು 90 ಮೈಲಿ ಉದ್ದದ ಆ ತಂತಿಮಾರ್ಗ ಅಂದು ಕಾನಕಾನಹಳ್ಳಿ ಎನಿಸಿಕೊಳ್ಳುತ್ತಿದ್ದ ಇಂದಿನ ಕನಕಪುರದ ಸೀಮೆಯನ್ನು ಹಾದುಹೋಗುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ವಿದ್ಯುದ್ದೀಪಗಳು ಬೆಳಗಿದವು. ತಂತಿಯ ಕೆಳಗಿದ್ದ ಹಳ್ಳಿಗಳ ಮನೆಗಳಲ್ಲಿ ಮಾತ್ರ ಮುಂದೆ ಬಹುಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತು. ವಿದ್ಯುತ್ತು ಹೀಗೆ ತಲೆಯ ಮೇಲೆ ಹಾದುಹೋದರೆ, ನೆಲದ ಮೇಲೆ ಸೌದೆ ಅದೇ ದಿಕ್ಕಿನಲ್ಲಿ ಸಾಗಿತು. ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳಿಂದ ಗಾಡಿ, ಲಾರಿ, ರೈಲುಗಳಲ್ಲಿ ನಗರದ ಸೌದೆ ಡಿಪೋಗಳಿಗೆ ಮರ ಬಂದು ಬೀಳುತ್ತಿತ್ತು. ರಾಮನಗರದಲ್ಲಿ ರೇಷ್ಮೆ ಗೂಡು ಬೇಯಿಸುವ ಕುಲುಮೆಗೆ ಬೇಕಾದದ್ದೂ ಸೌದೆಯೇ. ಮಾಗಡಿ, ಕನಕಪುರ, ಚನ್ನಪಟ್ಟಣಗಳ ಹಳ್ಳಿಯ ಹೆಂಗಸರು ಮುದ್ದೆ ತೊಳಸಲು ಹೊತ್ತು ತಂದದ್ದೂ ಸೌದೆಯನ್ನೇ. ಈ ಸೌದೆ ಎಷ್ಟು, ಅದನ್ನು ಹೊರುವವರು ಯಾರು, ದಿನಕ್ಕೆ ಎಷ್ಟು ದೂರ ನಡೆಯುತ್ತಾರೆ ಎಂಬ ಪ್ರಶ್ನೆಗಳನ್ನು ಸರ್ಕಾರದ ಯಾವ ಇಲಾಖೆಯೂ ತನ್ನದೆಂದು ಭಾವಿಸಿರಲಿಲ್ಲ. ವಿಶ್ವವಿದ್ಯಾಲಯಗಳ ಯಾವ ವಿಭಾಗವೂ ಭಾವಿಸಿರಲಿಲ್ಲ.

ಈ ಪ್ರಶ್ನೆಗಳನ್ನು ವಿದ್ವತ್ತಿನ ವಸ್ತುವನ್ನಾಗಿ ಮಾಡಿ, ಅಲ್ಲಿಂದ ರಾಜ್ಯದ ವಿದ್ಯುತ್ ನೀತಿಯವರೆಗೆ ವಾದವನ್ನು ಕೊಂಡೊಯ್ದವರು ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿ. ಅವರ ಪ್ರಮುಖ ಕ್ಷೇತ್ರಕಾರ್ಯ ನಡೆದದ್ದು ಮಾಗಡಿ ತಾಲ್ಲೂಕಿಗೆ ಹೊಂದಿಕೊಂಡಿರುವ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ. ಆಡಳಿತದ ನಕ್ಷೆಯಲ್ಲಿ ಇವು ಬೇರೆ ಜಿಲ್ಲೆಗಳಾದರೂ ರಾಗಿ, ಹುರುಳಿ, ತೆಂಗು, ಕೆರೆ, ಕುರುಚಲು ಕಾಡುಗಳ ಬದುಕಿನಲ್ಲಿ ಒಂದೇ ಸೀಮೆ. ಆದುದರಿಂದ ಪುರ ಎಂಬ ಪುಟ್ಟ ಹಳ್ಳಿಯ ಬಗೆಗೆ ಅವರು ಕಂಡುಕೊಂಡದ್ದನ್ನು ರಾಮನಗರದ ಹಳ್ಳಿಗಳಿಗೂ ಅನ್ವಯಿಸಿ ಓದುವುದು ಅಸಂಗತವಾಗಲಾರದು.

ರೆಡ್ಡಿಯವರು ಹುಟ್ಟಿದ್ದು 1930ರ ಅಕ್ಟೋಬರ್ 21ರಂದು, ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, ಮುಂದೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿ 1958ರಲ್ಲಿ ಡಾಕ್ಟರೇಟ್ ಪಡೆದರು. ತಾಯ್ನಾಡಿಗೆ ಮರಳಿದ ಮೇಲೆ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆಯಲ್ಲಿ ಕೆಲವು ವರ್ಷ ದುಡಿದರು. 1961ರಿಂದ 1966ರವರೆಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದು ವಿದ್ಯುದ್ರಸಾಯನದ ದಿಗ್ಗಜರಲ್ಲಿ ಒಬ್ಬರಾದ ಜಾನ್ ಬಾಕ್ರಿಸ್ ಅವರೊಡನೆ ಸಂಶೋಧನೆ ನಡೆಸಿದರು. ಇಬ್ಬರೂ ಸೇರಿ ಬರೆದ ಆಧುನಿಕ ವಿದ್ಯುದ್ರಸಾಯನದ ಪಠ್ಯ 1970ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಅದು ದಶಕಗಳ ಕಾಲ ವಿದ್ಯಾರ್ಥಿಗಳ ಕೈಪಿಡಿಯಾಗಿತ್ತು. 1966ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜೈವಿಕ ಮತ್ತು ಭೌತ ರಸಾಯನಶಾಸ್ತ್ರ ವಿಭಾಗವನ್ನು ಸೇರಿದರು. ನಿವೃತ್ತರಾಗುವ 1991ರವರೆಗೂ ಅದೇ ಸಂಸ್ಥೆ ಅವರ ಕಾರ್ಯಕ್ಷೇತ್ರವಾಗಿತ್ತು.

ಇಲ್ಲಿಯವರೆಗಿನದು ಯಶಸ್ವಿ ವಿಜ್ಞಾನಿಯೊಬ್ಬನ ಪರಿಚಿತ ಜೀವನರೇಖೆ. ನಲವತ್ತರ ಆಸುಪಾಸಿನಲ್ಲಿ, ತಮ್ಮ ಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದಿದ್ದ ಹೊತ್ತಿನಲ್ಲಿ, ರೆಡ್ಡಿಯವರು ಆ ರೇಖೆಯಿಂದ ಹೊರಳಿದರು. ಇದನ್ನು ದಿಢೀರ್ ವೈರಾಗ್ಯವೆಂದು ಬಣ್ಣಿಸುವುದು ಜೀವನಚರಿತ್ರೆಗಳ ವಾಡಿಕೆ; ಆದರೆ ಅದು ಸರಿಯಾಗಲಾರದು. 1970ರ ದಶಕದ ಆರಂಭದಲ್ಲಿ ಭಾರತದ ವಿಜ್ಞಾನವಲಯದಲ್ಲಿಯೇ ಒಂದು ಚರ್ಚೆ ನಡೆದಿತ್ತು. ಪಶ್ಚಿಮದಿಂದ ತಂದ ತಂತ್ರಜ್ಞಾನ ಬಂಡವಾಳವನ್ನು ಹೆಚ್ಚಾಗಿಯೂ ದುಡಿಮೆಯನ್ನು ಕಡಿಮೆಯಾಗಿಯೂ ಬೇಡುತ್ತದೆ. ಬಂಡವಾಳ ಕಡಿಮೆಯಿದ್ದು ದುಡಿಯುವ ಕೈಗಳು ಹೆಚ್ಚಿರುವ ನಾಡಿಗೆ ಅದು ಹೊಂದುವುದೇ ಎಂಬುದು ಆ ಚರ್ಚೆಯ ತಿರುಳು. ತಂತ್ರಜ್ಞಾನದ ಆಯ್ಕೆಯೂ ಯೋಜನೆಯ ಭಾಗವಾಗಬೇಕೆಂದು ರೆಡ್ಡಿಯವರು ಆ ವರ್ಷಗಳಲ್ಲಿ ವಾದಿಸಿದರು. 1973ರ ತೈಲ ಬಿಕ್ಕಟ್ಟು ಅಂತಹ ವಾದಗಳಿಗೆ ತುರ್ತನ್ನು ತಂದುಕೊಟ್ಟಿತು.

1974ರಲ್ಲಿ ವಿಜ್ಞಾನ ಸಂಸ್ಥೆಯ ಕೆಲವು ಅಧ್ಯಾಪಕರು ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ ಒಂದು ಘಟಕವನ್ನು ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ 'ಅಸ್ತ್ರ' ಎಂದಾಗುತ್ತಿತ್ತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಬೆಂಬಲ ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ರೆಡ್ಡಿಯವರು ಅದರ ಸಂಚಾಲಕರಾಗಿ 1983ರವರೆಗೆ ಮುಂದುವರಿದರು. 1975ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಆರಂಭದ ಕೆಲಸದಲ್ಲಿಯೂ ಅವರ ಪಾತ್ರ ದೊಡ್ಡದು. ಪ್ರಯೋಗಶಾಲೆಯಲ್ಲಿ ರೂಪುಗೊಂಡದ್ದನ್ನು ಸರ್ಕಾರದ ಮೂಲಕ ಹಳ್ಳಿಗಳಿಗೆ ಮುಟ್ಟಿಸುವ ಹಾದಿ ಈ ಮಂಡಳಿಯಿಂದ ತೆರೆಯಿತು.

ಮೂಲವಿಜ್ಞಾನಕ್ಕೆ ಹೆಸರಾದ ಸಂಸ್ಥೆಯೊಂದರಲ್ಲಿ ಒಲೆ, ಸಗಣಿ, ಮಣ್ಣಿನ ಇಟ್ಟಿಗೆಗಳು ಸಂಶೋಧನೆಯ ವಸ್ತುಗಳಾಗುವುದು ಸುಲಭದ ಮಾತಾಗಿರಲಿಲ್ಲ. ಇದು ವಿಜ್ಞಾನವೇ, ಇದಕ್ಕೆ ಪ್ರಾಧ್ಯಾಪಕರು ಬೇಕೇ ಎಂಬ ಸಂಶಯ ವಿದ್ವತ್‌ವಲಯದಲ್ಲಿತ್ತು. ವಿಭಾಗಗಳ ಗಡಿಗಳೊಳಗೆ ಬಡ್ತಿ, ಪ್ರಕಟಣೆ, ಮನ್ನಣೆಗಳನ್ನು ಅಳೆಯುವ ವ್ಯವಸ್ಥೆಯಲ್ಲಿ ಗಡಿ ದಾಟಿದ ಕೆಲಸಕ್ಕೆ ಅಳತೆಗೋಲೇ ಇರುವುದಿಲ್ಲ. ರೆಡ್ಡಿಯವರಿಗೆ ಈಗಾಗಲೇ ಸ್ಥಾನವೂ ಹೆಸರೂ ಇದ್ದುವು. ಅವರು ಈ ಅಪಾಯವನ್ನು ಎದುರಿಸಬಲ್ಲವರಾಗಿದ್ದರು. ಅವರ ಸುತ್ತ ಸೇರಿದ ಕಿರಿಯರಿಗೆ ಆ ಭದ್ರತೆ ಇರಲಿಲ್ಲ ಎಂಬುದನ್ನು ನೆನೆಯದೆ ಅಸ್ತ್ರದ ಚರಿತ್ರೆಯನ್ನು ಹೇಳಲಾಗದು. ಒಬ್ಬ ವ್ಯಕ್ತಿಯ ಸಾಧನೆಯಾಗಿ ಕಾಣುವ ಈ ಕಥೆ ವಾಸ್ತವದಲ್ಲಿ ಹಲವರ ದುಡಿಮೆ.

ಸಂಸ್ಥೆಯ ವಿಸ್ತರಣಾ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಸ್ಥಾಪಿತವಾಯಿತು. ಅದರ ನೆರೆಯ ಹಳ್ಳಿಗಳಲ್ಲಿ, 1970ರ ದಶಕದ ಉತ್ತರಾರ್ಧದಲ್ಲಿ, ಗ್ರಾಮದ ಶಕ್ತಿಬಳಕೆಯ ಸಮೀಕ್ಷೆ ನಡೆಯಿತು. ಇವುಗಳಲ್ಲಿ ಪುರ ಎಂಬ ಹಳ್ಳಿಯ ಹೆಸರು ಮುಂದೆ ಶಕ್ತಿ ಅಧ್ಯಯನದ ಜಾಗತಿಕ ಸಾಹಿತ್ಯದಲ್ಲಿ ಸೇರಿಹೋಯಿತು. 1977ರಲ್ಲಿ ಅಲ್ಲಿ 56 ಮನೆಗಳು, 357 ಜನ. ಅಷ್ಟು ಚಿಕ್ಕ ಹಳ್ಳಿಯಲ್ಲಿ ಯಾರು ಏನನ್ನು ಉರಿಸುತ್ತಾರೆ, ಎಲ್ಲಿಂದ ತರುತ್ತಾರೆ, ಎಷ್ಟು ಹೊತ್ತು ದುಡಿಯುತ್ತಾರೆ, ಎತ್ತುಗಳು ಎಷ್ಟು ಹೊತ್ತು ಉಳುತ್ತವೆ ಎಂಬುದನ್ನೆಲ್ಲ ಮನೆಮನೆಗೆ ಹೋಗಿ ದಾಖಲಿಸಲಾಯಿತು.

ಸಮೀಕ್ಷೆಯ ಫಲಿತಾಂಶಗಳು ಈಗ ಸಾಮಾನ್ಯ ತಿಳುವಳಿಕೆಯಂತೆ ತೋರಬಹುದು. ಅಂದು ಅವು ಹಾಗಿರಲಿಲ್ಲ. ಹಳ್ಳಿ ಬಳಸುವ ಒಟ್ಟು ಶಕ್ತಿಯಲ್ಲಿ ಶೇಕಡ 89ರಷ್ಟು ಸೌದೆಯದು. ಮನುಷ್ಯರ ಮೈದುಡಿಮೆ ಸುಮಾರು ಶೇಕಡ 7, ಸೀಮೆಎಣ್ಣೆ ಶೇಕಡ 2. ಎತ್ತುಗಳ ದುಡಿಮೆಯೂ ವಿದ್ಯುತ್ತೂ ತಲಾ ಶೇಕಡ 1ರ ಆಸುಪಾಸು. ಶಕ್ತಿ ನೀತಿಯೆಂದರೆ ಕಲ್ಲಿದ್ದಲು, ತೈಲ, ವಿದ್ಯುತ್ತು ಎಂದು ತಿಳಿದಿದ್ದ ಯೋಜಕರಿಗೆ ಹಳ್ಳಿಯ ಶಕ್ತಿಯ ಬಹುಪಾಲು ಕಂಡೇ ಇರಲಿಲ್ಲ. ಸೌದೆಯನ್ನು ಕೊಳ್ಳುವವರು ಬಹಳ ಕಡಿಮೆ. ಆಯ್ದು ತರುವುದೇ ರೂಢಿ. ಹಣದ ವ್ಯವಹಾರ ಇಲ್ಲದ್ದರಿಂದ ಅದು ಲೆಕ್ಕಪುಸ್ತಕಕ್ಕೆ ಬರಲಿಲ್ಲ. ಒಂದು ಮನೆಗೆ ದಿನವೊಂದಕ್ಕೆ ಸುಮಾರು 10 ಕಿಲೋಗ್ರಾಂ ಸೌದೆ ತರಲು ಸರಾಸರಿ 2.6 ಗಂಟೆ ಹಿಡಿಯುತ್ತಿತ್ತು, 4.8 ಕಿಲೋಮೀಟರ್ ನಡೆಯಬೇಕಿತ್ತು. ನೀರು ತರುವ ಹೊತ್ತು ಇದಕ್ಕೆ ಹೊರತಾದದ್ದು.

ಇನ್ನೂ ಮಹತ್ವದ ಸಂಗತಿಯೆಂದರೆ ಮನುಷ್ಯರ ದುಡಿಮೆಯ ವಿಂಗಡಣೆ. ಹಳ್ಳಿಯ ಒಟ್ಟು ಮೈದುಡಿಮೆಯಲ್ಲಿ ಹೆಂಗಸರ ಪಾಲು ಶೇಕಡ 53, ಗಂಡಸರದು ಶೇಕಡ 31, ಮಕ್ಕಳದು ಶೇಕಡ 16. ಅಡುಗೆ, ನೀರು, ಸೌದೆ, ದನ ಮೇಯಿಸುವುದು ಇವೆಲ್ಲ 'ಕೆಲಸ'ವೆಂಬ ಹೆಸರಿಗೇ ಅರ್ಹವಾಗದೆ ಉಳಿದಿದ್ದ ಕಾಲದಲ್ಲಿ ಇವನ್ನು ಅಳೆದು ಅಂಕಿಗೆ ಇಳಿಸಿದ್ದು ಸಣ್ಣ ಸಾಧನೆಯಲ್ಲ. ಸ್ತ್ರೀವಾದಿ ಚಿಂತನೆ ಕನ್ನಡದಲ್ಲಿ ಹೆಂಗಸರ ಕಾಣದ ದುಡಿಮೆಯ ಬಗೆಗೆ ಮಾತನಾಡತೊಡಗಿದ ದಿನಗಳಲ್ಲಿಯೇ, ಅದರ ಅರಿವಿಲ್ಲದೆ, ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರ ತಂಡ ಬೇರೆ ದಾರಿಯಿಂದ ಅದೇ ಕಡೆಗೆ ಬರುತ್ತಿತ್ತು. ಈ ಎರಡು ಧಾರೆಗಳು ಪರಸ್ಪರ ಸಂಧಿಸದೆ ಹೋದದ್ದು ನಮ್ಮ ಬೌದ್ಧಿಕ ಚರಿತ್ರೆಯ ಒಂದು ಕೊರತೆ.

ಇಲ್ಲಿ ಭಾಷೆಗೆ ಸಂಬಂಧಿಸಿದ ಒಂದು ಅಂಶವನ್ನೂ ಗಮನಿಸಬಹುದು. ಸಮೀಕ್ಷೆಯ ಇಂಗ್ಲಿಷ್ ಕೋಷ್ಟಕಗಳಲ್ಲಿ ಸೌದೆ ಎಂಬುದು ಒಂದೇ ಕಲಮು. ಈ ಸೀಮೆಯ ಕನ್ನಡದಲ್ಲಿ ಸೌದೆ ಬೇರೆ, ಪುಳ್ಳೆ ಬೇರೆ, ತರಗು ಬೇರೆ, ತೆಂಗಿನ ಗರಿ ಮಟ್ಟೆಗಳು ಬೇರೆ, ಬೆರಣಿ ಬೇರೆ. ಒಲೆ ಹೊತ್ತಿಸಲು ಒಂದು, ಕುದಿಯಲು ಒಂದು, ಕೆಂಡ ಉಳಿಯಲು ಇನ್ನೊಂದು. ಪುರದ ಕಡೆ ಸಗಣಿಯನ್ನು ಉರಿಸುವುದಕ್ಕಿಂತ ತಿಪ್ಪೆಗೆ ಹಾಕಿ ಗೊಬ್ಬರ ಮಾಡುವುದೇ ರೂಢಿಯಾಗಿತ್ತು ಎಂಬುದನ್ನು ತಂಡ ಗುರುತಿಸಿತ್ತು. ಉತ್ತರ ಭಾರತದ ಅನುಭವವನ್ನು ಇಡೀ ದೇಶಕ್ಕೆ ಹೊಂದಿಸುತ್ತಿದ್ದವರಿಗೆ ಇದು ಹೊಸದು. ಹಳ್ಳಿಯ ನುಡಿಯೊಳಗಿನ ಈ ವಿಂಗಡಣೆ ಕೋಷ್ಟಕಗಳಿಗೂ ಇಳಿದಿದ್ದರೆ ಒಲೆಯ ಬಗೆಗಿನ ಸಂಶೋಧನೆಗೆ ಇನ್ನಷ್ಟು ಸೂಕ್ಷ್ಮತೆ ದೊರೆಯುತ್ತಿತ್ತೇನೋ.

ಒಲೆಯ ಸಂಶೋಧನೆ ಅಸ್ತ್ರದ ಅತ್ಯಂತ ಪ್ರಸಿದ್ಧ ಕೊಡುಗೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಅಲ್ಪಭಾಗವಷ್ಟೇ ಪಾತ್ರೆಗೆ ತಲುಪುತ್ತದೆ; ಉಳಿದದ್ದು ವ್ಯರ್ಥ. ಮೇಲಾಗಿ ಹೊಗೆ. ಅಸ್ತ್ರದ ವಿಜ್ಞಾನಿಗಳು ರೂಪಿಸಿದ ಒಲೆಯಲ್ಲಿ ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಿತ್ತು. ಸೌದೆಯ ಬಾಯನ್ನು ಮುಚ್ಚಿ ಗಾಳಿಯನ್ನು ಹತೋಟಿಯಲ್ಲಿಡಬಹುದಿತ್ತು, ಹೊಗೆ ಕೊಳವೆಯ ಮೂಲಕ ಮಾಡಿನ ಹೊರಗೆ ಹೋಗುತ್ತಿತ್ತು. 1980ರ ದಶಕದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ 'ಅಸ್ತ್ರ ಒಲೆ' ರಾಜ್ಯದ ಅನೇಕ ಹಳ್ಳಿಗಳನ್ನು ಮುಟ್ಟಿತು. ಇಂಗ್ಲಿಷ್ ಮೊದಲಕ್ಷರಗಳಿಂದ ಹುಟ್ಟಿದ ಹೆಸರು ಕನ್ನಡದ ಪದವಾಗಿಯೇ ಸಲ್ಲತೊಡಗಿತು. ಎಲ್ಲೆಡೆಯೂ ಅದು ಬಾಳಿತೆಂದು ಹೇಳುವಂತಿಲ್ಲ. ಅಳತೆ ತಪ್ಪಿ ಕಟ್ಟಿದ, ಕೊಳವೆ ಕಟ್ಟಿಕೊಂಡ ಒಲೆಗಳನ್ನು ಜನ ಕಿತ್ತುಹಾಕಿದ ಪ್ರಸಂಗಗಳೂ ಉಂಟು. ಒಲೆ ಕಟ್ಟುವವರಿಗೆ ತರಬೇತಿ ನೀಡುವುದು ಒಲೆಯ ವಿನ್ಯಾಸದಷ್ಟೇ ಕಷ್ಟದ್ದು ಎಂಬುದು ಆ ದಶಕದ ಅನುಭವ.

ರೆಡ್ಡಿಯವರ ಬದುಕಿನ ತಿರುಳು ಇರುವುದು ಪುರದ ಗೋಬರ್ ಅನಿಲ ಪ್ರಯೋಗದಲ್ಲಿ ಎನ್ನಬಹುದು. ಮನೆಗೊಂದು ಗೋಬರ್ ಅನಿಲದ ಸ್ಥಾವರ ಕಟ್ಟಿಸುವುದು ಸರ್ಕಾರದ ಕಾರ್ಯಕ್ರಮವಾಗಿತ್ತು. ಆದರೆ ಅದಕ್ಕೆ ನಾಲ್ಕಾರು ದನಗಳು ಬೇಕು. ಹಾಗಾಗಿ ಅದು ಉಳ್ಳವರ ಸೊತ್ತಾಗುತ್ತದೆ, ಬಡವನಿಗೆ ಈವರೆಗೆ ಬಿಟ್ಟಿಯಾಗಿ ಸಿಗುತ್ತಿದ್ದ ಸಗಣಿಗೂ ಬೆಲೆ ಬಂದು ಕೈತಪ್ಪುತ್ತದೆ. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಊರಿಗೆಲ್ಲ ಅನಿಲ ಹಂಚುವ ಸಮುದಾಯ ಸ್ಥಾವರ ಇದಕ್ಕೆ ಉತ್ತರವೆಂದು ರೆಡ್ಡಿಯವರ ತಂಡ ಯೋಚಿಸಿತು. 1980ರ ದಶಕದ ಆರಂಭದಲ್ಲಿ ಪುರದಲ್ಲಿ ಅಡುಗೆ ಅನಿಲಕ್ಕಾಗಿ ಅಂಥ ಸ್ಥಾವರ ಕಟ್ಟಲಾಯಿತು.

ಅದು ಸೋತಿತು. ದನಗಳ ಸಗಣಿಯಿಂದ ದೊರೆತ ಅನಿಲ ಎಲ್ಲ ಮನೆಗಳ ಎಲ್ಲ ಹೊತ್ತಿನ ಅಡುಗೆಗೆ ಸಾಲಲಿಲ್ಲ. ಅರೆಬರೆ ಅನಿಲ ಬಂದರೂ ಸೌದೆಯ ಒಲೆಯನ್ನು ಹಚ್ಚಲೇಬೇಕು, ಸೌದೆಗೆ ಹೋಗಲೇಬೇಕು. ಹೀಗಿರುವಾಗ ಸಗಣಿಯನ್ನು ಹೊತ್ತು ತಂದು ಹಾಕುವ ಶ್ರಮ ಯಾತಕ್ಕೆ? ಹೆಂಗಸರ ಆಸಕ್ತಿ ಇಳಿಯಿತು, ಸ್ಥಾವರ ನಿಂತಿತು. ತಾಂತ್ರಿಕ ಲೆಕ್ಕದ ಕೊರತೆಗಿಂತ ದೊಡ್ಡದೊಂದು ತಪ್ಪು ಇದರ ಹಿಂದಿತ್ತು. ಅಡುಗೆಯ ಅನಿಲವೇ ಊರಿನ ಮೊದಲ ಅಗತ್ಯವೆಂದು ತೀರ್ಮಾನಿಸಿದವರು ಹೊರಗಿನಿಂದ ಬಂದವರು. ಊರಿನವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯಲು ಒಳ್ಳೆಯ ನೀರು. 2.6 ಗಂಟೆ, 4.8 ಕಿಲೋಮೀಟರುಗಳನ್ನು ಅಷ್ಟು ನಿಖರವಾಗಿ ಅಳೆದಿದ್ದ ತಂಡ, ಅಳೆಸಿಕೊಂಡವರಿಗೆ ಮೊದಲು ಬೇಕಾದದ್ದು ಏನೆಂಬುದನ್ನು ಗ್ರಹಿಸಲು ತಡಮಾಡಿತ್ತು.

ಈ ಸೋಲಿನ ನಂತರದ ನಡೆ ರೆಡ್ಡಿಯವರ ವಿದ್ವತ್ತಿನ ಗುಣವನ್ನು ತೋರಿಸುತ್ತದೆ. ಯೋಜನೆಯನ್ನು ಯಶಸ್ಸೆಂದು ಬಿಂಬಿಸಿ ವರದಿ ಸಲ್ಲಿಸಿ ಮುಗಿಸುವ ದಾರಿ ಅವರ ಮುಂದಿತ್ತು. ಅದರ ಬದಲು ಊರಿನವರೊಡನೆ ಮತ್ತೆ ಕುಳಿತು, ಅದೇ ಸಗಣಿಯನ್ನು ಬೇರೊಂದು ಸೇವೆಗೆ ತಿರುಗಿಸಲಾಯಿತು. 1987ರಲ್ಲಿ ಸ್ಥಾವರ ಹೊಸ ರೂಪದಲ್ಲಿ ಆರಂಭವಾಯಿತು. ಅನಿಲ ಈಗ ಎಂಜಿನಿಗೆ ಹೋಗಿ ವಿದ್ಯುತ್ತಾಯಿತು. ವಿದ್ಯುತ್ತು ಕೊಳವೆಬಾವಿಯ ನೀರನ್ನು ಎತ್ತಿ ತೊಟ್ಟಿಗೆ ತುಂಬಿಸಿ ಕೊಳಾಯಿಗಳಿಗೆ ಹರಿಸಿತು, ಮನೆಗಳಲ್ಲಿ ಟ್ಯೂಬ್‌ಲೈಟುಗಳನ್ನು ಬೆಳಗಿಸಿತು. ಸಗಣಿ ತಂದು ಹಾಕಿದ ಮನೆಗೆ ತೂಕದ ಲೆಕ್ಕದಲ್ಲಿ ಹಣ. ಅನಿಲ ತೆಗೆದ ಮೇಲೆ ಉಳಿದ ಬಗ್ಗಡವೂ ಗೊಬ್ಬರವಾಗಿ ಆಯಾ ಮನೆಗೇ ವಾಪಸು. ಸ್ಥಾವರವನ್ನು ನಡೆಸಿದವರು ಊರಿನದೇ ಯುವಕರು. ದೀಪಕ್ಕೂ ನೀರಿಗೂ ಮನೆಗಳು ಹಣ ಕೊಟ್ಟವು. ಬಡವರು ಹಣ ಕೊಡುವುದಿಲ್ಲ ಎಂಬ ಆಡಳಿತದ ನಂಬಿಕೆಗೆ ಇದು ಒಂದು ಪ್ರತ್ಯುತ್ತರವಾಗಿತ್ತು. ಸೇವೆ ನಿಜವಾಗಿ ದೊರೆತರೆ, ಯಾರೂ ತಪ್ಪಿಸಿಕೊಳ್ಳದಂತೆ ಊರೇ ನೋಡಿಕೊಂಡರೆ, ಪಾವತಿಯೂ ನಡೆಯುತ್ತದೆ.

ಈ ಎರಡನೆಯ ಪ್ರಯೋಗವೂ ಶಾಶ್ವತವಾಗಲಿಲ್ಲ. ಹಲವು ವರ್ಷ ನಡೆದ ಮೇಲೆ ಅದೂ ಸೊರಗಿತು. ರೆಡ್ಡಿಯವರು ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ, 2004ರಲ್ಲಿ, ಪುರದ ಪಾಠಗಳನ್ನು ಕುರಿತು ಒಂದು ಲೇಖನ ಪ್ರಕಟಿಸಿ ಎರಡೂ ಘಟ್ಟಗಳನ್ನು ವಿಶ್ಲೇಷಿಸಿದರು. ನೀತಿ ಸಂಶೋಧನೆಯ ಬರಹಗಳಲ್ಲಿ ಯಶೋಗಾಥೆಗಳು ಹೇರಳ. ತನ್ನದೇ ಯೋಜನೆಯ ಸೋಲನ್ನು ಇಷ್ಟು ದೀರ್ಘಕಾಲ ಹಿಂಬಾಲಿಸಿ ಬರೆದವರು ವಿರಳ.

ಬೆಂಗಳೂರಿನ ಸೌದೆಯ ಅಧ್ಯಯನವೂ ಇದೇ ಕಾಲದ್ದು. 1980ರ ದಶಕದ ಆರಂಭದಲ್ಲಿ ಬಿ. ಸುಧಾಕರ ರೆಡ್ಡಿಯವರೊಡನೆ ಕೂಡಿ ನಡೆಸಿದ ಈ ಸಂಶೋಧನೆ ನಗರದ ಯಾವ ವರ್ಗ ಯಾವ ಇಂಧನ ಬಳಸುತ್ತದೆ ಎಂಬುದನ್ನು ಪರಿಶೀಲಿಸಿತು. ಆದಾಯ ಏರಿದಂತೆ ಸೌದೆಯಿಂದ ಸೀಮೆಎಣ್ಣೆಗೆ, ಅಲ್ಲಿಂದ ಅಡುಗೆ ಅನಿಲಕ್ಕೆ ಮನೆಗಳು ಏರುತ್ತವೆ. ಒಲೆಯ ದಕ್ಷತೆಯನ್ನು ಲೆಕ್ಕಕ್ಕೆ ತಂದರೆ ಪಾತ್ರೆಗೆ ತಲುಪುವ ಶಾಖಕ್ಕೆ ಬಡವರೇ ಹೆಚ್ಚು ಬೆಲೆ ತೆರುತ್ತಾರೆ. ನಗರಕ್ಕೆ ಸೌದೆ ದೂರದೂರದ ಕಾಡುಗಳಿಂದ ಗುತ್ತಿಗೆದಾರರ ಮೂಲಕ ಬರುತ್ತದೆ. ಹಳ್ಳಿಯ ಹೆಂಗಸು ಪುಳ್ಳೆ ಆಯುವುದರಿಂದಲೇ ಕಾಡು ನಾಶವಾಗುತ್ತಿದೆ ಎಂಬ ಜನಪ್ರಿಯ ವಾದಕ್ಕೆ ಇದು ಪೆಟ್ಟು ಕೊಟ್ಟಿತು. ಒಣಗಿ ಬಿದ್ದ ಪುಳ್ಳೆಯನ್ನು ಆಯುವುದಕ್ಕೂ ಲಾರಿಗೆ ತುಂಬಲು ಮರವನ್ನು ಬುಡಸಮೇತ ಕಡಿಯುವುದಕ್ಕೂ ಇರುವ ವ್ಯತ್ಯಾಸ ಬೆಂಗಳೂರಿನ ಮಗ್ಗುಲಿನಲ್ಲಿಯೇ ಇರುವ ಮಾಗಡಿ, ಕನಕಪುರಗಳ ಜನಕ್ಕೆ ಯಾವ ಸಂಶೋಧನೆಯೂ ಇಲ್ಲದೆ ಗೊತ್ತಿತ್ತು. ಅದನ್ನು ನೀತಿಯ ಭಾಷೆಯಲ್ಲಿ ಹೇಳುವವರು ಬೇಕಾಗಿದ್ದರು.

ಪುರದಲ್ಲಿ ಕಲಿತ ಪಾಠವೇ ರೆಡ್ಡಿಯವರ ಮುಂದಿನ ಸಿದ್ಧಾಂತಕ್ಕೆ ತಳಹದಿ. ಜನರಿಗೆ ಬೇಕಾಗಿರುವುದು ಸೌದೆಯಲ್ಲ, ಬೆಂದ ಅನ್ನ. ವಿದ್ಯುತ್ತಲ್ಲ, ಬೆಳಕು, ನೀರು, ತಿರುಗುವ ಯಂತ್ರ. ಚನ್ನಪಟ್ಟಣದ ಬೊಂಬೆ ಕೆಲಸದವನಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ನಿಲ್ಲದೆ ತಿರುಗುವ ಕಡಚಲು ಯಂತ್ರ ಎಂದು ಇದನ್ನು ಈ ಸೀಮೆಗೆ ಹೊಂದಿಸಿ ಹೇಳಬಹುದು. ಹಾಗಾದರೆ ಯೋಜನೆ ಆರಂಭವಾಗಬೇಕಾದದ್ದು ಎಷ್ಟು ಮೆಗಾವಾಟ್ ಉತ್ಪಾದಿಸಬೇಕು ಎಂಬಲ್ಲಿಂದಲ್ಲ. ಯಾರಿಗೆ ಯಾವ ಸೇವೆ ಬೇಕು, ಅದನ್ನು ಅತಿ ಕಡಿಮೆ ವೆಚ್ಚದಲ್ಲಿ ಒದಗಿಸುವುದು ಹೇಗೆ ಎಂಬಲ್ಲಿಂದ. ಬ್ರೆಜಿಲಿನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅವರೊಡನೆ ಸೇರಿ ರೆಡ್ಡಿಯವರು ಇದನ್ನು ಜಾಗತಿಕ ಮಟ್ಟದ ವಾದವಾಗಿ ಬೆಳೆಸಿದರು. ತಲಾ ಒಂದು ಕಿಲೋವಾಟ್ ಪ್ರಮಾಣದ ಶಕ್ತಿಯಿಂದಲೇ, ದಕ್ಷ ಸಾಧನಗಳನ್ನು ಬಳಸಿದರೆ, ಮೂಲಭೂತ ಅಗತ್ಯಗಳನ್ನಷ್ಟೇ ಅಲ್ಲದೆ ಅದಕ್ಕೂ ಮೀರಿದ ಜೀವನಮಟ್ಟವನ್ನು ತಲುಪಬಹುದೆಂದು 1985ರಲ್ಲಿ ಅವರು ತೋರಿಸಿದರು. ಸುಸ್ಥಿರ ಜಗತ್ತಿನ ಶಕ್ತಿಯನ್ನು ಕುರಿತ ಇವರ ಗ್ರಂಥ 1988ರಲ್ಲಿ ಹೊರಬಂತು. ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು ಲೋಕದ ಬಾಯಲ್ಲಿ ನಿಲ್ಲಿಸಿದ 1987ರ ಬ್ರಂಟ್‌ಲಂಡ್ ವರದಿಯ ಶಕ್ತಿ ಅಧ್ಯಾಯವೂ ಈ ನಾಲ್ವರ ಲೆಕ್ಕಾಚಾರವನ್ನು ಬಳಸಿಕೊಂಡಿತು. 2000ದಲ್ಲಿ ನಾಲ್ವರಿಗೂ ಜಂಟಿಯಾಗಿ ವೋಲ್ವೊ ಪರಿಸರ ಪ್ರಶಸ್ತಿ ಸಂದಿತು.

ಜಗತ್ತು ಒಪ್ಪಿದ್ದನ್ನು ಸ್ವಂತ ರಾಜ್ಯ ಒಪ್ಪಿತೇ? ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು 1967ರಿಂದ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ ಹತ್ತಾರು ವರದಿಗಳನ್ನು ಕೊಟ್ಟಾಗ ಅವರ ಬೆನ್ನಿಗೆ ಅಧಿಕಾರದ ಅನುಭವವಿತ್ತು, ಆಯೋಗದ ಮುದ್ರೆಯಿತ್ತು. ಆದರೂ ಅವರ ಅನೇಕ ಶಿಫಾರಸುಗಳು ಕಡತಗಳಲ್ಲಿಯೇ ಉಳಿದವು. ವಿಶ್ವವಿದ್ಯಾಲಯದ ಪ್ರಾಧ್ಯಾಪಕನೊಬ್ಬನಿಗೆ ಆ ಮುದ್ರೆಯೂ ಇರುವುದಿಲ್ಲ. 1987ರಲ್ಲಿ ಕರ್ನಾಟಕದ ವಿದ್ಯುತ್ ಯೋಜನೆಗಳ ದೀರ್ಘಾವಧಿ ಸಮಿತಿಯೊಂದು ತನ್ನ ವರದಿ ನೀಡಿತು. 2000ದ ಹೊತ್ತಿಗೆ ರಾಜ್ಯಕ್ಕೆ ವರ್ಷಕ್ಕೆ 47.5 ಶತಕೋಟಿ ಯೂನಿಟ್ ವಿದ್ಯುತ್ತೂ 9,400 ಮೆಗಾವಾಟ್ ಸಾಮರ್ಥ್ಯವೂ ಬೇಕೆಂದು ಅದು ಅಂದಾಜಿಸಿತು. ಅದಕ್ಕೆ ಬೇಕಾದ ಹಣ ರಾಜ್ಯದ ಶಕ್ತಿಯನ್ನು ಮೀರಿದ್ದು. ಅಷ್ಟು ಹಣ ಸುರಿದರೂ ಕೊರತೆ ನೀಗುವುದಿಲ್ಲವೆಂದು ವರದಿಯೇ ಒಪ್ಪಿಕೊಂಡಿತ್ತು. ಆ ಹೊತ್ತಿಗೆ ಸಂಸ್ಥೆಯ ನಿರ್ವಹಣಾ ಅಧ್ಯಯನ ವಿಭಾಗದಲ್ಲಿದ್ದ ರೆಡ್ಡಿಯವರು ತಮ್ಮ ಸಹೋದ್ಯೋಗಿಗಳೊಡನೆ ಪರ್ಯಾಯ ಚಿತ್ರವೊಂದನ್ನು ರಚಿಸಿದರು. ಅಭಿವೃದ್ಧಿಯನ್ನು ಕೇಂದ್ರದಲ್ಲಿಟ್ಟು, ಅಂತಿಮ ಬಳಕೆಯಿಂದ ಹಿಂದಕ್ಕೆ ಲೆಕ್ಕಹಾಕುವ ಈ ವಿಧಾನ 'ಡಿಫೆಂಡಸ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬುರುಡೆ ಬಲ್ಬಿನ ಬದಲು ದಕ್ಷ ದೀಪ, ಸ್ನಾನದ ನೀರಿಗೆ ಸೌರಶಾಖ, ನೀರಾವರಿ ಪಂಪುಗಳ ಸುಧಾರಣೆ, ಹಳ್ಳಿಗಳ ಹಂತದ ಸಣ್ಣ ಉತ್ಪಾದನೆ ಇವನ್ನೆಲ್ಲ ಸೇರಿಸಿ, ಎಲ್ಲ ಮನೆಗಳಿಗೂ ವಿದ್ಯುತ್ತು ಕೊಟ್ಟೂ 17.9 ಶತಕೋಟಿ ಯೂನಿಟ್ ಮತ್ತು 4,000 ಮೆಗಾವಾಟ್ ಸಾಕೆಂದು ಅವರು ತೋರಿಸಿದರು. ಸಮಿತಿಯ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ.

ಕೈಗಾ ಅಣುವಿದ್ಯುತ್ ಸ್ಥಾವರದ ವಾದವಿವಾದದ ಆ ದಿನಗಳಲ್ಲಿ ಈ ಅಂಕಿಗಳಿಗೆ ರಾಜಕೀಯ ಅರ್ಥವೂ ಬಂತು. ಅಣುವಿದ್ಯುತ್ತು ಅಗತ್ಯವೂ ಅಲ್ಲ, ಮಿತವ್ಯಯದ್ದೂ ಅಲ್ಲ ಎಂದು ರೆಡ್ಡಿಯವರು ಬಹಿರಂಗವಾಗಿ ವಾದಿಸಿದರು. ವಿರೋಧಕ್ಕೆ ಭಾವಾವೇಶದ ಬದಲು ವೆಚ್ಚದ ಕೋಷ್ಟಕವನ್ನು ಮುಂದಿಟ್ಟದ್ದು ಅವರ ವೈಶಿಷ್ಟ್ಯ. ಕೈಗಾ ಸ್ಥಾವರ ನಿಲ್ಲಲಿಲ್ಲ. 2000ದಲ್ಲಿ ವಿದ್ಯುತ್ ಉತ್ಪಾದಿಸತೊಡಗಿತು. ಡಿಫೆಂಡಸ್ ಚಿತ್ರವನ್ನು ರಾಜ್ಯ ಒಟ್ಟಾಗಿ ಎಂದೂ ಸ್ವೀಕರಿಸಲಿಲ್ಲ. ಆದರೆ ಅದರ ತುಣುಕುಗಳು ಬೇರೆಬೇರೆ ಕಾಲದಲ್ಲಿ, ರೆಡ್ಡಿಯವರ ಹೆಸರಿಲ್ಲದೆ, ಸರ್ಕಾರಿ ಆದೇಶಗಳಾಗಿ ಬಂದವು. ಬೆಂಗಳೂರಿನ ಹೊಸ ಮನೆಗಳಿಗೆ ಸೌರ ಜಲತಾಪಕ ಕಡ್ಡಾಯವಾಯಿತು. 2015ರಿಂದ ಎಲ್ಇಡಿ ದೀಪಗಳನ್ನು ದೇಶಾದ್ಯಂತ ಕಡಿಮೆ ಬೆಲೆಗೆ ಹಂಚಲಾಯಿತು. ನೀರಾವರಿ ಪಂಪುಗಳ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಅಶ್ವಶಕ್ತಿಯ ಲೆಕ್ಕದ ದರ, ಆಮೇಲೆ ಉಚಿತ ವಿದ್ಯುತ್ತು, ಅದರ ಹಿಂದೆಯೇ ಆಳಕ್ಕಿಳಿದ ಕೊಳವೆಬಾವಿಗಳು: ಇಲ್ಲಿ ದಕ್ಷತೆಯ ವಾದ ಚುನಾವಣೆಯ ಎದುರು ಸೋತಿದೆ. ಅಂತಿಮ ಬಳಕೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಡಿಫೆಂಡಸ್ ವಿಧಾನದಲ್ಲಿ ಅಧಿಕಾರ ರಾಜಕಾರಣದ ವಿಶ್ಲೇಷಣೆ ತೆಳುವಾಗಿತ್ತು ಎಂಬ ಆಕ್ಷೇಪ ನಿರಾಧಾರವಲ್ಲ. ಒಳ್ಳೆಯ ಲೆಕ್ಕ ಮುಂದಿಟ್ಟರೆ ಒಳ್ಳೆಯ ತೀರ್ಮಾನ ಬರುತ್ತದೆ ಎಂಬ ವಿಜ್ಞಾನಿಯ ವಿಶ್ವಾಸವನ್ನು ರೆಡ್ಡಿಯವರು ಪೂರ್ತಿಯಾಗಿ ಬಿಟ್ಟುಕೊಟ್ಟಂತೆ ಕಾಣುವುದಿಲ್ಲ.

1991ರಲ್ಲಿ ನಿವೃತ್ತರಾದ ಅವರು ಅದೇ ವರ್ಷ ಅಂತರರಾಷ್ಟ್ರೀಯ ಶಕ್ತಿ ಉಪಕ್ರಮ ಎಂಬ ಸಂಸ್ಥೆಯನ್ನು ಕಟ್ಟುವುದರಲ್ಲಿ ತೊಡಗಿದರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಸಂಶೋಧಕರು ಪಶ್ಚಿಮದ ಮಧ್ಯಸ್ಥಿಕೆಯಿಲ್ಲದೆ ಪರಸ್ಪರ ಕಲಿಯಬೇಕೆಂಬುದು ಅದರ ಆಶಯ. ಸುಸ್ಥಿರ ಅಭಿವೃದ್ಧಿಗಾಗಿ ಶಕ್ತಿ ಎಂಬ ಅರ್ಥದ ಹೆಸರುಳ್ಳ ಅದರ ಪತ್ರಿಕೆ 1994ರಲ್ಲಿ ಆರಂಭವಾಯಿತು. ಸಂಶೋಧನಾ ಪತ್ರಿಕೆಗಳೆಲ್ಲ ಯೂರೋಪು ಅಮೆರಿಕಗಳಿಂದ ಬರುತ್ತಿದ್ದ ಈ ಕ್ಷೇತ್ರದಲ್ಲಿ ಬೆಂಗಳೂರಿನಿಂದ ಹೊರಟ ಪತ್ರಿಕೆಯೊಂದು ಜಾಗತಿಕ ಓದುಗರನ್ನು ಪಡೆಯಿತು. 1998ರ ಪೋಖ್ರಾನ್ ಪರೀಕ್ಷೆಗಳ ನಂತರ ಅಣ್ವಸ್ತ್ರಗಳ ವಿರುದ್ಧ ದನಿಯೆತ್ತಿದ ವಿಜ್ಞಾನಿಗಳಲ್ಲಿ ರೆಡ್ಡಿಯವರೂ ಒಬ್ಬರು. ಸಂಭ್ರಮದ ಆ ದಿನಗಳಲ್ಲಿ ಅಂಥ ನಿಲುವಿಗೆ ವಿಜ್ಞಾನವಲಯದೊಳಗೆ ಮನ್ನಣೆ ಸುಲಭವಾಗಿರಲಿಲ್ಲ.

ಅವರ ಪ್ರಮುಖ ಬರಹವೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡದ ಹಳ್ಳಿಯೊಂದನ್ನು ಆಧರಿಸಿದ ಜ್ಞಾನ ಲೋಕವನ್ನೆಲ್ಲ ಸುತ್ತಿ ಬಂದರೂ ಪುರದವರು ಓದಬಹುದಾದ ಭಾಷೆಗೆ ಪೂರ್ತಿಯಾಗಿ ಮರಳಲಿಲ್ಲ. ಇದನ್ನು ರೆಡ್ಡಿಯವರೊಬ್ಬರ ದೋಷವೆನ್ನುವುದಕ್ಕಿಂತ ವಿಜ್ಞಾನದ ಓದುಬರಹಕ್ಕೂ ಕನ್ನಡಕ್ಕೂ ನಡುವೆ ವಿಶ್ವವಿದ್ಯಾಲಯಗಳು ಕಟ್ಟಿಕೊಂಡ ಗೋಡೆಯ ಫಲವೆನ್ನಬೇಕು. ಕನ್ನಡ ವಿಭಾಗಗಳೂ ಆ ಗೋಡೆಯ ಈ ಬದಿಯಲ್ಲಿ ಸುಮ್ಮನೆ ಕುಳಿತಿದ್ದವು.

2006ರ ಮೇ 7ರಂದು ಅಮೂಲ್ಯ ರೆಡ್ಡಿಯವರು ಬೆಂಗಳೂರಿನಲ್ಲಿ ನಿಧನರಾದರು. ಮರುವರ್ಷ, 2007ರಲ್ಲಿ, ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. ಅಸ್ತ್ರ ಘಟಕ ವಿಜ್ಞಾನ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೊಸ ಹೆಸರಿನಲ್ಲಿ ಮುಂದುವರಿದಿದೆ. ಚದುರಿದ್ದ ಅವರ ಲೇಖನಗಳ ಆಯ್ದ ಸಂಗ್ರಹವೊಂದು 2009ರಲ್ಲಿ ಪ್ರಕಟವಾಯಿತು. ವಿಜ್ಞಾನಿಯನ್ನು ನಾಗರಿಕನೆಂದು ಕರೆಯುವ ಆ ಸಂಗ್ರಹದ ಶೀರ್ಷಿಕೆಯಲ್ಲಿ ವಿದ್ಯುದ್ರಸಾಯನದ ಸುಳಿವೇ ಇಲ್ಲ.